ಫೋನ್ ಬಂದರೆ ಮನೆಯವರೆಲ್ಲ ಗ್ಯಾಲರಿಗೆ

ನಾನು ಬ್ಲಾಗ್ ಶುರು ಮಾಡಿದಾಗ, ಅಲ್ಲಿಗೆ ಬಂದುಹೋಗುವವರ ಮಾಹಿತಿಯನ್ನು ಏನು ಮಾಡುತ್ತೇನೆಂದು ಒಂದು ಪುಟ ಬರೆಯಲೇಬೇಕೆಂದು ಮಗಳು ತಾಕೀತು ಮಾಡಿದಳು. ಬೇರೆಯವರು ಏನು ಬರೆದಿದ್ದಾರೆಂದು ಓದಿ ನೋಡಿದೆ. 'ನಿಮ್ಮ ಖಾಸಗಿತನ ನಮಗೆ ಬಹಳ ಮುಖ್ಯ' ಎಂದು ಶುರುವಾಗಿ, ಅದನ್ನು ಯಾರ್ಯಾರಿಗೆ ಹಂಚುತ್ತೇವೆ ಎಂಬಲ್ಲಿಗೆ ಮುಗಿಯುತ್ತದೆ. ಮೈಯೆಲ್ಲ ಉರಿದುಹೋಯಿತು. ಈ ವಿಷಯದಲ್ಲಿ ನಾನು ಎಂಬತ್ತರ ದಶಕದಲ್ಲೇ, ಮುಂಬಯಿಯ ಗೋರೆಗಾಂವಿನ ನಮ್ಮ ಪುಟ್ಟ ಮನೆಯಲ್ಲಿ, ಅಮ್ಮನ ಕೈಯಲ್ಲಿ ಪಳಗಿದವಳು.

ಆಗ ಇಡೀ ಬಿಲ್ಡಿಂಗಿಗೆ ಫೋನಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಪ್ಪನ ಆಫೀಸಿನವರು ಹಾಕಿಸಿಕೊಟ್ಟದ್ದು. ಉಳಿದವರೆಲ್ಲ ನೆಂಟರಿಗೆ, ಆಫೀಸಿಗೆ, ಮಕ್ಕಳ ಶಾಲೆಗೆ ನಮ್ಮ ನಂಬರನ್ನೇ ಕೊಟ್ಟು ಪಕ್ಕದಲ್ಲಿ 'ಪಿಪಿ' ಎಂದು ಬರೆಯುತ್ತಿದ್ದರು. ಫೋನು ನೆರೆಯವರದು, ಹೇಳಿದರೆ ಕರೆದುಕೊಡುತ್ತಾರೆ ಎಂದು ಅರ್ಥ. ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಬೇಕೆಂದು ನಮಗೂ ಅನ್ನಿಸಿರಲಿಲ್ಲ.

ಮೊದಮೊದಲು ಅಮ್ಮ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ನಿಂತು ಕೂಗಿ ಕರೆಯುತ್ತಿದ್ದಳು. ಹುಟ್ಟಿದ್ದು ಮೈಸೂರಿನಲ್ಲಾದರೂ ಅವಳ ಗಂಟಲು ಮುಂಬಯಿಯ ತರಕಾರಿಯವನದು. ಒಂದು ಸಂಜೆ ಕೆಳಗಿನ ಮನೆಯಾಕೆಗೆ, "ನಿಮ್ಮ ತಮ್ಮ ಈ ಸಲವೂ ಫೇಲಂತೆ, ಲೈನಲ್ಲಿದ್ದಾನೆ, ಬೇಗ ಬನ್ನಿ!" ಎಂದು ಕೂಗಿಬಿಟ್ಟಳು. ಕಾಂಪೌಂಡಿನಲ್ಲಿ ಕ್ರಿಕೆಟ್ ಆಡುತ್ತಿದ್ದವರು ಆಟ ನಿಲ್ಲಿಸಿ ಕೇಳಿಸಿಕೊಂಡರು. ಆಕೆ ಬಂದು ತಮ್ಮನ ಜೊತೆ ಮಾತಾಡಿ, ಹೋಗುವಾಗ ಅಮ್ಮನ ಮುಖವನ್ನೂ ನೋಡಲಿಲ್ಲ. ಅಮ್ಮ ಅವತ್ತು ಊಟ ಬಿಟ್ಟಳು.

ಮರುದಿನವೇ ನಮ್ಮ ಮನೆಯಲ್ಲಿ ಕಾನೂನು ಬಂತು. ಯಾರ ಫೋನು, ಎಲ್ಲಿಂದ ಎಂದು ಕೂಗುವಂತಿಲ್ಲ, ಹೋಗಿ ಮೆಲ್ಲಗೆ ಹೇಳಿ ಬರಬೇಕು. ಅವರು ಬಂದು ರಿಸೀವರ್ ಎತ್ತಿದ ಕೂಡಲೇ ನಾವೆಲ್ಲ ಗ್ಯಾಲರಿಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಅಪ್ಪ ಪೇಪರಿನೊಂದಿಗೆ, ನಾನು ಕಾಲೇಜಿನ ಪುಸ್ತಕದೊಂದಿಗೆ, ಅಮ್ಮ ಬಿಡಿಸುತ್ತಿದ್ದ ಸೊಪ್ಪಿನೊಂದಿಗೆ. ಮಳೆಗಾಲದಲ್ಲಿ ನಮ್ಮದೇ ಗ್ಯಾಲರಿಯಲ್ಲಿ ನಾವು ಕೊಡೆ ಬಿಚ್ಚಿ ನಿಂತಿದ್ದೇವೆ. ಒಳಗೆ ಹಾಲು ಉಕ್ಕಿ ಸೀದ ವಾಸನೆ ಬಂದರೂ ಬಾಗಿಲು ತೆಗೆಯುವಂತಿರಲಿಲ್ಲ.

"ಇದೇನು ಮನೆಯೋ ಪೋಸ್ಟಾಫೀಸೋ?" ಎಂದು ಅಪ್ಪ ಗೊಣಗಿದರೆ, "ಪೋಸ್ಟಾಫೀಸಿನವರು ಕಾಗದ ಒಡೆದು ಓದ್ತಾರೇನು? ಸುಮ್ನೆ ನಿಂತ್ಕೊಳ್ಳಿ" ಎಂದು ಅಮ್ಮ ಬಾಯಿ ಮುಚ್ಚಿಸುತ್ತಿದ್ದಳು.

ಮೇಲಿನ ಮಹಡಿಯಲ್ಲಿ ಧಾರವಾಡದ ಕಡೆಯ ಒಂದು ಕುಟುಂಬವಿತ್ತು. ಅವರ ಮಗಳು ವಿಕ್ರೋಳಿಯ ಒಂದು ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಆಗಾಗ ಸಂಜೆ ಅವಳಿಗೊಂದು ಫೋನ್ ಬರುತ್ತಿತ್ತು. ಗಂಡಸಿನ ದನಿ, ಹಿಂದೆ ಕುರ್ಲಾ ಸ್ಟೇಷನ್ನಿನ ಅನೌನ್ಸ್‌ಮೆಂಟು. ಯಾರೇ ಅದು ಎಂದು ನಾನು ಅಮ್ಮನನ್ನು ಪೀಡಿಸಿದರೆ, "ಯಾರು? ಫೋನ್ ಬಂತು, ಕರೆದೆ, ಅಷ್ಟೆ" ಎನ್ನುತ್ತಿದ್ದಳು.

ಅಷ್ಟರಲ್ಲಿ ಅಕ್ಕನಿಗೆ ಬೆಳಗಾವಿಯ ಸಂಬಂಧವೊಂದು ಕೂಡಿಬಂತು. ಹುಡುಗನ ತಾಯಿ ಒಂದು ಮಧ್ಯಾಹ್ನ ಫೋನ್ ಮಾಡಿ, ಮೇಲಿನವರನ್ನು ಕರೆಯುವುದು ಬೇಡ, ನಿಮ್ಮ ಜೊತೆಗೇ ಮಾತು ಎಂದರು. ಅವರ ದನಿ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ಹುಡುಗಿ ಹೆಂಗದಾಳ್ರಿ? ಸಂಜಿಕೆ ಎಷ್ಟೊತ್ತಿಗೆ ಮನಿಗೆ ಬರ್ತಾಳ? ಆಕಿಗೆ ಯಾರ್ಯಾರ ಫೋನ್ ಬರ್ತಾವ್ರಿ? ನಿಮಗ ಗೊತ್ತಿರ್ತದಲ್ಲ."

ಅಮ್ಮ ಸೆಟೆದು ನಿಂತಳು. "ನೋಡಿ ಅಮ್ಮಾ, ಈ ಫೋನಿಗೆ ಬರೋವ್ರ ವಿಷಯ ನಾನು ಯಾರಿಗೂ ಹೇಳಲ್ಲ. ನೀವು ಹೀಗೆ ಕೇಳಿದ್ರಿ ಅಂತಾನೂ ಯಾರಿಗೂ ಹೇಳಲ್ಲ."

"ಆತ್ರಿ, ತಿಳೀತು" ಎಂದು ಅವರು ಫೋನ್ ಇಟ್ಟರು. ತಿಳಿದದ್ದೇನೆಂದು ನಮಗೆ ಗೊತ್ತಾದದ್ದು ಸಂಬಂಧ ಮುರಿದ ಮೇಲೆಯೇ. ಅಮ್ಮನನ್ನು ಅತ್ತಿಗೆಯ ವರಸೆಯಲ್ಲಿ ವೈನಿ ಎನ್ನುತ್ತಿದ್ದ ಅಕ್ಕನ ಅಪ್ಪ ಮೆಟ್ಟಿಲು ಅದುರುವಂತೆ ಇಳಿದು ಬಂದರು.

"ವೈನಿ, ಹುಡುಗಿ ಛಲೋ ಅದಾಳ ಅಂತ ಒಂದ್ ಮಾತ ಅಂದಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ?"

"ನಾನು ಏನೂ ಹೇಳಲೇ ಇಲ್ವಲ್ಲ!"

"ಅದಕ್ಕ ಮುರೀತು! ಮುಚ್ಚಿಡೋದು ಭಾಳ ಅದ ಅಂತ ತಿಳ್ಕೊಂಡಾರ ಅವರು!"

ಅವರು ಹೋದ ಮೇಲೆ ಅಮ್ಮ ಒಲೆಯ ಮುಂದೆ ನಿಂತು ಅತ್ತಳು. "ಒಂದು ಹೆಣ್ಣಿನ ಮದುವೆ ಮುರಿದೆನಲ್ಲೇ" ಎಂದಳು. ನನಗೂ ಅವಳ ಮೇಲೆ ಸಿಟ್ಟು ಬಂದಿತ್ತು. ಒಳ್ಳೆಯ ಮಾತು ಆಡುವುದಕ್ಕೂ ಇವಳ ಕಾನೂನು ಅಡ್ಡ ಬರಬೇಕೇ?

ಮರುದಿನ ಆಫೀಸಿನಿಂದ ಬಂದ ಅಕ್ಕ ತನ್ನ ಮನೆಗೂ ಹೋಗದೆ ನೇರವಾಗಿ ನಮ್ಮ ಅಡುಗೆಮನೆಗೆ ಬಂದಳು. ಫೋನಿಗೆ ಬಂದವಳಲ್ಲವಾದ್ದರಿಂದ ನನಗೆ ಗ್ಯಾಲರಿ ತಪ್ಪಿತು.

"ಕಾಕೂ, ಅಳಬ್ಯಾಡ್ರಿ. ಆ ಮನಿ ನನಗ ಬ್ಯಾಡಾಗಿತ್ತು. ಅಪ್ಪಗ ಹೇಳೂ ಧೈರ್ಯ ಇರಲಿಲ್ಲ. ನೀವು ಛಲೋ ಹುಡುಗಿ ಅಂದಿದ್ರ ಮುಗೀತಿತ್ತು ನನ್ನ ಕತಿ." ಕುರ್ಲಾದಿಂದ ಫೋನ್ ಮಾಡುವವನನ್ನೇ ಮದುವೆಯಾಗಬೇಕೆಂದಿದ್ದಾಳೆ, ಅವನಿಗೊಂದು ಕಾಯಂ ಕೆಲಸ ಸಿಗಲೆಂದು ಕಾಯುತ್ತಿದ್ದಾಳೆ ಎಂದು ತಿಳಿಯಿತು. "ಅಪ್ಪಗ ನಾನ ಹೇಳ್ತೀನ್ರಿ. ಅಲ್ಲೀ ತನಕಾ..."

"ಅಲ್ಲೀ ತನಕ ಏನೇ?" ಅಮ್ಮ ಮೂಗು ಒರೆಸಿಕೊಂಡಳು. "ನೀನು ನನಗೇನೂ ಹೇಳೇ ಇಲ್ಲ. ಕೂತ್ಕೋ, ಉಪ್ಪಿಟ್ಟು ತಿನ್ನು."

ಅಲ್ಲಿಂದ ಅಮ್ಮನಿಗೆ ಕೆಟ್ಟ ಕಾಲ. ಅಕ್ಕನ ಅಪ್ಪ ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುವರು. ನಮ್ಮ ಫೋನ್ ಮುಟ್ಟದೆ, ಮಳೆಯಲ್ಲಿ ನೆನೆದುಕೊಂಡು ಸ್ಟೇಷನ್ನಿನ ಫೋನಿಗೆ ಹೋಗುವರು. ಮಗಳ ಬಾಳು ಹಾಳುಮಾಡಿದ ಹೆಂಗಸು ಎಂದು ಬಿಲ್ಡಿಂಗಿನಲ್ಲೆಲ್ಲ ಹೇಳಿಕೊಂಡು ಬಂದರು. ಆ ಸಂಬಂಧ ನಿಮ್ಮ ಮಗಳಿಗೇ ಬೇಡವಾಗಿತ್ತು ಎಂದು ಒಂದೇ ಒಂದು ಮಾತು ಆಡಿದ್ದರೆ ಅಮ್ಮ ಪಾರಾಗುತ್ತಿದ್ದಳು. ಆಡಲಿಲ್ಲ. ಹಾಗಂತ ಅವಳೇನು ಸಂತಳಲ್ಲ. ಹೊರಗೆ ಕೇಳಿಸಿಕೊಂಡದ್ದಕ್ಕೆಲ್ಲ ಒಳಗೆ ಬಂದು ಅಪ್ಪನ ಮೇಲೆ, ನನ್ನ ಮೇಲೆ, ಕುಕ್ಕರಿನ ಮೇಲೆ ರೇಗುತ್ತಿದ್ದಳು. ನನಗೆ ಅವಳನ್ನು ನೋಡಿ ಸಂಕಟವಾಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಮುಂದಿನ ವರ್ಷ ಆ ಹುಡುಗನ ಕೆಲಸ ಕಾಯಂ ಆಯಿತು. ಅಕ್ಕ ಗಟ್ಟಿ ಮನಸ್ಸು ಮಾಡಿ ತನ್ನ ಅಪ್ಪನಿಗೆ ಎಲ್ಲ ಹೇಳಿದಳು. ಭಾನುವಾರ ಬೆಳಿಗ್ಗೆ ಅವರು ಕೆಳಗಿಳಿದು ನಮ್ಮ ಬಾಗಿಲಲ್ಲಿ ನಿಂತರು.

"ವೈನಿ, ಮಗಳು ಎಲ್ಲಾ ಹೇಳಿದ್ಲು. ನಿಮಗ ಆವತ್ತಿಂದಾನೂ ಗೊತ್ತಿತ್ತಂತಲ್ಲ?"

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಏನು ಗೊತ್ತಿತ್ತು?"

ಮತ್ತೆ ಜಗಳವೇ ಎಂದುಕೊಂಡೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ಮೇಲೆ ಕೂತರು. ಚಹಾ ಬಿಟ್ಟು ಬೇರೇನೂ ಕುಡಿಯದ ಮನುಷ್ಯ, ತಲೆ ತಗ್ಗಿಸಿಕೊಂಡು, "ನಿಮ್ಮ ಆ ಮೈಸೂರು ಕಾಫಿನ ಒಂದೀಟು ಕೊಡ್ರಿ ವೈನಿ" ಎಂದರು.