ಹುನಗುಂದದ ಕಪಾಟಿನ ಬಾಗಿಲಲ್ಲಿದ್ದ ಒಂದು ಸಾಲು

ಈ ಸಂಗತಿಯನ್ನು ಮೊದಲು ಹೇಳಿದವರು ಹುನಗುಂದದ ಶಿವಬಸವ್ವ. ಕಾರ್ತಿಕದ ಎರಡನೆಯ ಗುರುವಾರ, ತಮ್ಮ ಡಯಾಲಿಸಿಸ್ ಪಾಳಿ ಮುಗಿದ ಮೇಲೆ, ಕೇಂದ್ರದ ಪಡಸಾಲೆಯ ಬೆಂಚಿನ ಮೇಲೆ ಕುಳಿತು ಹೇಳಿದ್ದು. ಘಟನೆ ನಡೆದದ್ದು ಅದಕ್ಕೆ ಎರಡು ದಿನ ಹಿಂದೆ. ಆಕೆ ಕಣ್ಣಾರೆ ಕಾಣದ ಭಾಗವನ್ನು ಕೇಂದ್ರದ ಗಣಕಯಂತ್ರ ನೋಡಿಕೊಳ್ಳುವ ತಬಸುಮ ತುಂಬಿಕೊಟ್ಟಿದ್ದಾರೆ. ಇಬ್ಬರ ಮಾತು ಕೂಡದಿರುವುದು ಒಂದೇ ಕಡೆ. ಅದನ್ನು ಆ ಜಾಗದಲ್ಲಿಯೇ ಸೂಚಿಸಿದೆ.

ಮಂಗಳವಾರ, ನಸುಕಿನ ಐದೂವರೆ. ಬಾಗಲಕೋಟೆಯ ವಿದ್ಯಾಗಿರಿಯ ಬಾಡಿಗೆ ಮನೆಯಲ್ಲಿ, ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಬಸುಮ ನಿಂತೇ ಕೆಲಸ ಮಾಡುತ್ತಿದ್ದಾರೆ. ಹುನಗುಂದ ಕೇಂದ್ರದ ಡೇಟಾಬೇಸ್ ಸರ್ವರ್ ಸುಟ್ಟುಹೋಗಿದೆ. ರೋಗಿಗಳ ತೂಕ, ಔಷಧದ ಪ್ರಮಾಣ, ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕೆಂಬುದು, ಎಲ್ಲವೂ ಆ ಯಂತ್ರದಲ್ಲಿಯೇ ಇರುವುದು. ಎಂಟಕ್ಕೆ ಮೊದಲ ಪಾಳಿ. ಒಂಬತ್ತು ಮಂದಿ ಬರುತ್ತಾರೆ. ಶಿವಬಸವ್ವ ಅವರಲ್ಲೊಬ್ಬರು. ಶನಿವಾರದಿಂದ ಅವರ ರಕ್ತ ಶುದ್ಧಿಯಾಗಿಲ್ಲ, ಕಾಲು ಬಾತಿವೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಒಂದು ಟ್ರಸ್ಟು ನಡೆಸುವ ನಾಲ್ಕು ಕೇಂದ್ರಗಳ ಗಣಕಯಂತ್ರಗಳನ್ನು ನೋಡಿಕೊಳ್ಳುವವರು ತಬಸುಮ ಒಬ್ಬರೇ. ಇಳಕಲ್ಲಿನವರು, ತಾಯಿ ಮೆಹರುನ್ನಿಸಾ ಇಂದಿಗೂ ಸೀರೆಯ ಹಾಸು ಹೂಡುತ್ತಾರೆ. ಮಗಳು ಈ ಕೆಲಸಕ್ಕೆ ಸೇರಿದಾಗ ಒಂದು ಸರ್ವರ್ ಸಜ್ಜುಗೊಳಿಸಲು ಎರಡು ದಿನ ಬೇಕಿತ್ತು. ಹಿರಿಯ ಸಹೋದ್ಯೋಗಿ ನಾಗಲಿಂಗ ಅವರ ವಹಿಯಲ್ಲಿ ತೊಂಬತ್ತನಾಲ್ಕು ಹೆಜ್ಜೆಗಳು. ಒಂದೊಂದನ್ನೂ ಕೈಯಿಂದಲೇ ಟೈಪು ಮಾಡಬೇಕು. "ನಡಬರಕ ಚಾ ಕುಡ್ಯಾಕ ಹೋಗಿ ಬಂದ್ರ, ಅರವತ್ತೆರಡು ಮುಗಿಸೇನೋ ಅರವತ್ತಮೂರೋ ತಿಳೀತಿರಲಿಲ್ಲರಿ," ಎಂದು ತಬಸುಮ ನಗುತ್ತಾರೆ.

ನಾಗಲಿಂಗ ನಿವೃತ್ತರಾದ ವರ್ಷ, ಅಂದರೆ ಎರಡು ವರ್ಷದ ಹಿಂದೆ, ಆ ಹೆಜ್ಜೆಗಳನ್ನೆಲ್ಲ ತಬಸುಮ, ಯಂತ್ರವನ್ನು ತಾನಾಗಿ ಸಜ್ಜುಗೊಳಿಸುವ ಕಾನ್ಫಿಗರೇಶನ್ ಟೂಲ್ ಓದುವ ಒಂದು ಕಡತವಾಗಿ ಬರೆದಿಟ್ಟರು. "ಏನೇನು ಇರಬೇಕು ಅನ್ನೂದಷ್ಟ ನಾ ಬರಿತೇನ್ರಿ. ಇಲ್ಲದ್ದನ್ನ ಅದು ಹಾಕ್ತೈತಿ, ಇದ್ದದ್ದನ್ನ ಮುಟ್ಟೂದಿಲ್ಲ. ಹತ್ತ ಸಲ ಓಡಿಸಿದ್ರೂ ಕೆಡೂದಿಲ್ಲ."

ಹುನಗುಂದದ ನರ್ಸ್ ಮಹೇಶ್ವರಿ ಕಪಾಟಿನಲ್ಲಿದ್ದ ಮೀಸಲು ಯಂತ್ರಕ್ಕೆ ವೈರು ಜೋಡಿಸುತ್ತಾರೆ. ತಬಸುಮ ತಮ್ಮ ಲ್ಯಾಪ್‌ಟಾಪಿನಿಂದ ಆ ಟೂಲಿಗೆ ಒಂದು ಆಜ್ಞೆ ಕೊಡುತ್ತಾರೆ. ಡೇಟಾಬೇಸ್ ತಾನಾಗಿ ಇಳಿಯುತ್ತದೆ, ಬಳಕೆದಾರರ ಖಾತೆಗಳು ತೆರೆದುಕೊಳ್ಳುತ್ತವೆ, ಬಾಗಲಕೋಟೆಯಲ್ಲಿ ಕಾದಿಟ್ಟ ಸೋಮವಾರ ರಾತ್ರಿಯ ದಾಖಲೆಗಳ ಪ್ರತಿ ಬಂದು ತುಂಬಿಕೊಳ್ಳುತ್ತದೆ. ಶಿವಬಸವ್ವ ಹೇಳುವಂತೆ ಇದೆಲ್ಲ "ಹಾಲು ಉಕ್ಕೂದ್ರಾಗ" ಆಯಿತು; ತಬಸುಮ ತೋರಿಸುವ ಯಂತ್ರದ ದಾಖಲೆಯಲ್ಲಿ ಇಪ್ಪತ್ತಾರು ನಿಮಿಷ.

ಏಳೂ ಇಪ್ಪತ್ತಕ್ಕೆ ಮಹೇಶ್ವರಿಯ ಫೋನು. "ಅಕ್ಕಾ, ಒಬ್ಬರ ಹೆಸರೂ ಇಲ್ಲ! ಎಲ್ಲಾ ಕಡೆ ಬರೇ ಪ್ರಶ್ನೆ ಚಿಹ್ನಿ!"

ಮೊದಲೇ ಬಂದು ಕುಳಿತಿದ್ದ ಶಿವಬಸವ್ವ ಪರದೆಗೆ ಇಣುಕುತ್ತಾರೆ. "ಇದೇನ ಯವ್ವಾ, ನನ್ನ ಹೆಸರಿನ ಜಾಗಾದಾಗ ಕುಡಗೋಲ ಜೋತು ಬಿಟ್ಟಾರಲ್ಲ!"

"ಹೆಸರು, ನಂಬರು ಎರಡೂ ಕೂಡಲಿಲ್ಲಂದ್ರ ನಾ ಯಾರಿಗೂ ಸೂಜಿ ಹಚ್ಚೂದಿಲ್ಲ," ಎನ್ನುತ್ತಾರೆ ಮಹೇಶ್ವರಿ.

"ಹಚ್ಚಬ್ಯಾಡ. ಸೇವ್ ಅಂತೂ ಒತ್ತಲೇಬ್ಯಾಡ," ಎನ್ನುತ್ತಾರೆ ತಬಸುಮ. ಒತ್ತಿದರೆ ಆ ಚಿಹ್ನೆಗಳೇ ಹೆಸರುಗಳ ಮೇಲೆ ಕಾಯಂ ಆಗಿ ಕೂರುತ್ತವೆ.

ಉಳಿದ ಮೂರು ಊರುಗಳಿಗೆ ಇದೇ ಕಡತ ಸರಿಹೊಂದಿದೆ. ಹಾಗಾದರೆ ಹುನಗುಂದದಲ್ಲಿ ಮಾತ್ರ ಯಾರೋ ಏನನ್ನೋ ಕೈಯಿಂದ ಹಾಕಿದ್ದಾರೆ. ತಬಸುಮ ತುಳಸಿಗೇರಿಯಲ್ಲಿರುವ ನಾಗಲಿಂಗ ಅವರನ್ನು ಅದೇ ಕರೆಗೆ ಸೇರಿಸಿಕೊಳ್ಳುತ್ತಾರೆ.

"ಕಾಕಾ, ಹುನಗುಂದದ ಮಶೀನಿಗಿ ಬ್ಯಾರೆ ಏನರ ಹಾಕಿದ್ರೇನು?"

"ಏ, ಏನೂ ಇಲ್ಲ ಬಿಡವಾ."

"ನಾ ಕಡತ ಬರಿಯೂ ಮುಂದೂ ಹಿಂಗ ಅಂದಿದ್ರಿ. ಈಗ ನೋಡ್ರಿ, ಒಂಬತ್ತು ಮಂದಿ ಹೆಸರು ಕುಡಗೋಲಾಗ್ಯಾವ."

ನಾಗಲಿಂಗ ಒಪ್ಪಿಕೊಳ್ಳುತ್ತಾರೆ. "ಖರೆ. ಒಂದ ಸಾಲು ಐತಿ. ಅಲ್ಲೀ ಪ್ರೋಗ್ರಾಂ ಹಳೇದು, ಕನ್ನಡ ಹಿಡೀತಿರಲಿಲ್ಲ, ಅದಕ್ಕ ಹಾಕಿದ್ನಿ. ವಹಿ ಕೈಯಾಗಿರಲಿಲ್ಲಂತ ಕಪಾಟಿನ ಬಾಗಲ ಒಳಗ ಸೀಮಿಸುಣ್ಣದ್ಲೆ ಬರದಿದ್ನಿ. ಮಹೇಶ್ವರಿ, ಬಾಗಲಾ ತಗದ ನೋಡವಾ."

ಮಹೇಶ್ವರಿ ಬಾಗಿಲು ತೆರೆಯುತ್ತಾರೆ. ಮೂರೆಳೆ ವಿಭೂತಿ, ನಡುವೆ ಕುಂಕುಮ. "ಅಯ್ಯ ಶಿವನ! ಆಯುಧಪೂಜಿ ದಿನ ಹೊಲಸಾಗೇತಂತ ನಾನ ಹಸಿ ಅರಬಿಲೆ ಒರಸೀನಿ!"

"ಪೂಜಿ ಚಲೋ ಮಾಡಿದಿ ನೋಡ," ಎಂದು ಶಿವಬಸವ್ವ ಬೆಂಚಿನಿಂದಲೇ ಕುಟುಕುತ್ತಾರೆ.

ನಾಗಲಿಂಗ ನೆನಪಿನಿಂದ ಅಕ್ಷರ ಅಕ್ಷರವಾಗಿ ಹೇಳುತ್ತಾರೆ. ತಬಸುಮ ತಮ್ಮ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿದಾಗ ಎರಡು ಸಲ ತಪ್ಪಿ, ಮೂರನೆಯ ಸಲ ಸರಿಹೋಗುತ್ತದೆ. ಗಂಟೆ ಏಳೂ ಮುಕ್ಕಾಲು.

"ಸೀದಾ ಮಶೀನಿನ್ಯಾಗ ಬಡದ ಬಿಡ್ರಿ ಅಕ್ಕಾ, ಹೊತ್ತಾತು!" ಎಂದು ಮಹೇಶ್ವರಿ ಅವಸರಿಸುತ್ತಾರೆ.

"ಹಂಗ ಬಡದದ್ದಕ್ಕನ ಈ ಗತಿ ಬಂದೈತಿ," ಎಂದು ತಬಸುಮ ಆ ಸಾಲನ್ನು ಕಡತದಲ್ಲಿ ಬರೆಯುತ್ತಾರೆ. ಪಕ್ಕದಲ್ಲಿ ಅದರ ಕಾರಣ, ಹಾಕಿದವರ ಹೆಸರನ್ನೂ ಗಟ್ಟಿಯಾಗಿ ಓದುತ್ತ ಸೇರಿಸುತ್ತಾರೆ. ಮತ್ತೆ ಅದೇ ಆಜ್ಞೆ. ಟೂಲ್ ಒಂದೊಂದನ್ನೂ ನೋಡುತ್ತದೆ: ಇದೆ, ಇದೆ, ಇದೆ. ಬದಲಾದದ್ದು ಒಂದು.

ಏಳೂ ಐವತ್ಮೂರಕ್ಕೆ ಮಹೇಶ್ವರಿ ಕೂಗುತ್ತಾರೆ: "ಬಂದ್ಳು, ಶಿವಬಸವ್ವ ಬಂದ್ಳು!"

"ನಾ ಆಗಳೇ ಬಂದೇನಲ್ಲ, ಸೂಜಿ ತಗೊಂಬಾ!"

ವಿದ್ಯಾಗಿರಿಯಲ್ಲಿ ತಬಸುಮ ಅಡುಗೆಕಟ್ಟೆಗೆ ಹಣೆಯಾನಿಸಿ ನಿಲ್ಲುತ್ತಾರೆ. ಆಮೇಲೆ ಚಹಾಕ್ಕೆ ನೀರಿಡುತ್ತಾರೆ.

"ನನ್ನ ಹೆಸರ ಯಾಕ ಹಾಕಿದಿ, ಬೈಸಾಕೇನು?" ಎಂದು ಇನ್ನೂ ಫೋನಿನಲ್ಲಿಯೇ ಇರುವ ನಾಗಲಿಂಗ ಕೇಳುತ್ತಾರೆ.

"ಅಲ್ರಿ ಕಾಕಾ. ಯಾರು, ಯಾಕ ಹಾಕಿದ್ರು ಅನ್ನೂದು ನನ್ನ ನಂತರ ಬರಾವ್ರಿಗಿ ತಿಳೀಲಿ ಅಂತ."

ಗುರುವಾರ ಸುಟ್ಟ ಯಂತ್ರವನ್ನು ಒಯ್ಯಲು ಹುನಗುಂದಕ್ಕೆ ಬಂದ ತಬಸುಮ, ಕಪಾಟಿನ ಬಾಗಿಲನ್ನು ಒಮ್ಮೆ ತೆರೆದು ನೋಡುತ್ತಾರೆ. ಇದನ್ನಿನ್ನು ಒರೆಸಬಹುದೇ ಎಂದು ಮಹೇಶ್ವರಿ ಅಳುಕುತ್ತ ಕೇಳುತ್ತಾರೆ. "ಒರಸ, ಎಷ್ಟ ಬೇಕಷ್ಟ ವಿಭೂತಿ ಹಚ್ಚ. ಇನ್ನ ಇದರ ಮ್ಯಾಲ ಓದೂದೇನೂ ಉಳದಿಲ್ಲ," ಎನ್ನುತ್ತಾರೆ ತಬಸುಮ.

ಇಷ್ಟು ಹೇಳಿ ಶಿವಬಸವ್ವ ತೋಳಿನ ಪಟ್ಟಿಯನ್ನು ಒತ್ತಿ ನೋಡಿಕೊಂಡು ಏಳುತ್ತಾರೆ. ಕೇಳುತ್ತ ಕುಳಿತಿದ್ದ ಅದೇ ಪಾಳಿಯ ನಾಲ್ವರು ರೋಗಿಗಳೂ ತಂತಮ್ಮ ಡಬ್ಬಿ, ಚೀಲ ಎತ್ತಿಕೊಳ್ಳುತ್ತಾರೆ. ಹೊರಡುವ ಮುನ್ನ ಒಬ್ಬೊಬ್ಬರೇ ಪರದೆಯತ್ತ ಬಾಗಿ, ತಮ್ಮ ಹೆಸರು ಇರುವುದನ್ನು ನೋಡಿಕೊಂಡು, ಮನೆಯ ಹಾದಿ ಹಿಡಿಯುತ್ತಾರೆ.