ಹೊಟ್ಟಿಗೆ ಹೊಲಿಗಿ ಹಾಕಿದ ಮೀನು

ಕಂಪ್ಲಿಯಿಂದ ಬುಕ್ಕಸಾಗರದತನಕ, ಹೊಳಿಗೆ ಎದುರಾಗಿ, ಮೀನಿನ ಬೆನ್ನ ಮ್ಯಾಲೆ ಕುಂತು ಬಂದಾಂವ ನಾನು. ನೋಡಿದವ್ರು ಇಬ್ಬರಿದ್ರು, ಇಬ್ಬರೂ ತೀರಿಕೊಂಡಾರ.

ಅದಕ್ಕ ಹಾವುಮೀನು ಹುಡುಕಾಕ ಬಂದ, ಮೀನಿನ ಸಂಶೋಧನೆ ಮಾಡೋ ಮೇಡಮ್ಮೋರು ನನ್ನ ಹರಿಗೋಲನ್ನೇ ಹತ್ತಿದ್ರು.

"ಸಮುದ್ರದ ಅಳಿವೆಯಿಂದ ಏರಿ ಬರೋ ಮೀನು ತಾತ, ಈಗ ಎಲ್ಲೋ ಒಂದೊಂದು ಉಳಿದಿವೆ. ಎಲ್ಲೀವರೆಗೆ ಹೋಗ್ತವೆ ಅಂತ ತಿಳಿಯೋಕೆ ಒಂದರ ಹೊಟ್ಟೇಲಿ ಸಣ್ಣ ಮಿಷನ್ ಇಟ್ಟು, ಹೊಲಿಗೆ ಹಾಕಿ ನೀರಿಗೆ ಬಿಟ್ಟಿದ್ದೆ. ಅದು ಹತ್ರ ಇದ್ರೆ ನನ್ನ ಕೈಲಿರೋ ಈ ಮಿಷನ್ ಸದ್ದು ಮಾಡಬೇಕು, ಈಗ ಸದ್ದೇ ಇಲ್ಲ. ಸತ್ತಿದ್ರೆ ನನ್ನ ಕೆಲಸ ಮುಗೀತು" ಅಂದ್ರು. ಕಣ್ಣು ತುಂಬಿದ್ವು.

"ಅಳಬ್ಯಾಡ್ರಿ ತಾಯಿ, ಹೊಳಿ ನನಗ ಎಲ್ಲಾ ಹೇಳ್ತೈತಿ" ಅಂತ ಮುಂಜಾನಿಂದ ತಿರುಗಿಸಿದೆ. ಹೊಳಿ ಏನೂ ಹೇಳಲಿಲ್ಲ. ಉಣ್ಣಾಕ ಮನಿಗೆ ಕರ್ಕೊಂಡು ಬಂದ್ರ, ಹಿತ್ತಲ ಬಾವಿ ಹತ್ರ ಅವ್ರ ಕೈಯಾಗಿನ ಮಿಷನ್ ಟಿಕ್ ಟಿಕ್ ಅಂತು!

ನನ್ನ ಹೆಂಡ್ತಿ ರೊಟ್ಟಿ ಬಡಿಯೋದು ಬಿಟ್ಟು ಬಂದ್ಲು. "ಗದ್ದಿ ಕಾಲುವ್ಯಾಗ ಸಿಕ್ಕಿತ್ತವ್ವ. ಸಾರು ಮಾಡೋಣಂತ ನೋಡಿದ್ರ ಹೊಟ್ಟಿಗೆ ಹೊಲಿಗಿ! ನನ್ನ ಮಗಳಿಗೂ ಹೆರಿಗ್ಯಾಗ ಹಿಂಗ ಹಾಕಿದ್ರು. ಬಾಣಂತಿನ ಯಾರು ಕೊಯ್ತಾರ? ಮಾಯಲಿ ಅಂತ ಬಾವ್ಯಾಗ ಬಿಟ್ಟೆ. ಇವ್ರಿಗೆ ಹೇಳಿದ್ರ ಮೊಸಳಿ ಹಿಡಿದೆ ಅಂತ ಊರೆಲ್ಲಾ ಸಾರ್ತಾರ, ಅದಕ್ಕ ಹೇಳ್ಲಿಲ್ಲ."

ಮೇಡಮ್ಮೋರು ಆಕಿ ಹಿಟ್ಟಿನ ಕೈ ಕಣ್ಣಿಗೆ ಒತ್ತಿಕೊಂಡ್ರು. ಸಂಜಿಗೆ ಮೀನು ಹೊಳಿ ಸೇರಿತು. ಆ ಕೈಗೆ ನಾನೂ ಮನಸ್ಸಿನ್ಯಾಗ ಶರಣು ಅಂದೆ.

ಮೊನ್ನೆ ಕಟ್ಟಿ ಮ್ಯಾಲೆ ಮಂದಿಗೆ ಈ ಕಥಿ ಹೇಳಿ, "ಬಾವ್ಯಾಗೈತಿ ಅಂತ ನನಗ ವಾಸನಿಗೇ ಗೊತ್ತಾಗಿತ್ತು" ಅಂದೆ.

ಒಳಗಿಂದ ಹೆಂಡ್ತಿ ಕೇಳಿದ್ಲು, "ಹಂಗಾರ ಆ ಹೆಣ್ಮಗಳ್ನ ಬಿಸಿಲಾಗ ಯಾಕ ತಿರುಗಿಸಿದ್ರಿ?"

ನಾ ಹೆಗಲು ಕುಣಿಸಿದೆ. "ಪಾಪ, ದೂರದಿಂದ ಬಂದಿದ್ರು. ಹಂಪಿ ನೋಡ್ಲಿ ಅಂತ."