‘ಇಲ್ಲ’ ಎನ್ನಲು ಬಾರದವರಿಗೆ ಪಾಠ

ನಮ್ಮ ಕುಂದಾಪುರದ ಸಹಕಾರಿ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಟ್ಟರೂ ವಿಜೇತಾ ಬರಬೇಕು, ಫ್ಯಾನ್ ನಿಂತರೂ ವಿಜೇತಾ ಬರಬೇಕು. ಗುಲ್ವಾಡಿಯಿಂದ ಸ್ಕೂಟರಿನಲ್ಲಿ ಬರುವ ಈ ಹುಡುಗಿ ಓದಿದ್ದು ಕಂಪ್ಯೂಟರ್ ಡಿಪ್ಲೊಮಾ. ಫ್ಯಾನಿಗೂ ತನಗೂ ಸಂಬಂಧವಿಲ್ಲ ಎಂದು ಗೊಣಗುತ್ತಲೇ ಸ್ಟೂಲ್ ಹತ್ತುತ್ತಾಳೆ. ಸಾಲದ ವಿಭಾಗದಲ್ಲಿ ಕೂತು ನಾನು ದಿನವೂ ನೋಡುವ ದೃಶ್ಯ ಇದು. ಹಟ ಹಿಡಿದರೆ ಮಾತ್ರ ಆಕೆಯನ್ನು ಬ್ರಹ್ಮನೂ ಇಳಿಸಲಾರ.

ಕಳೆದ ವರ್ಷ ಕೇಂದ್ರ ಕಚೇರಿಯಿಂದ ಆಜ್ಞೆ ಬಂತು. ಸಿಬ್ಬಂದಿಗೆ ಸೈಬರ್ ಸುರಕ್ಷತೆಯ ತರಬೇತಿ ಕೊಡಬೇಕು, ಅದಕ್ಕೆ ಮೊದಲು ಒಂದು ಪರೀಕ್ಷೆ. ಬಹುಮಾನ ಬಂದಿದೆ ಎಂಬ ಇಂಗ್ಲಿಷ್ ಸುಳ್ಳು ಮೇಲ್ ಒಂದನ್ನು ಅವರೇ ತಯಾರಿಸಿ ಕಳಿಸಿದ್ದರು. ವಿಜೇತಾ ಅದನ್ನು ಇದ್ದ ಹಾಗೆಯೇ ನಮಗೆಲ್ಲ ದಾಟಿಸಿದಳು. ಅದರೊಳಗಿನ ಲಿಂಕ್ ಒತ್ತಿದವರು ನಪಾಸು.

ಒತ್ತಿದ್ದು ಕೌಂಟರಿನ ಜಲಜಕ್ಕ ಒಬ್ಬರೇ. ಉಳಿದವರು ಭಾರೀ ಜಾಣರು ಎಂದುಕೊಳ್ಳಬೇಡಿ, ನಮ್ಮಲ್ಲಿ ಮೇಲ್ ತೆರೆದು ನೋಡುವ ಅಭ್ಯಾಸವೇ ಯಾರಿಗೂ ಇರಲಿಲ್ಲ! ಬಂದ ಕಾಗದವನ್ನೆಲ್ಲ ಓದುವ ಪಾಪದ ಹೆಂಗಸು ಸಿಕ್ಕಿಬಿದ್ದರು, ಸೋಮಾರಿಗಳೆಲ್ಲ ಪಾಸು. ಮ್ಯಾನೇಜರ್ ಜಿತೇಂದ್ರ ಸರ್ ತಕ್ಷಣ ತೀರ್ಪು ಕೊಟ್ಟರು. ತರಬೇತಿ ಮುಗಿದ ಮೇಲೂ ಸುಧಾರಿಸದಿದ್ದರೆ ಜಲಜಕ್ಕನನ್ನು ಕೌಂಟರಿನಿಂದ ಎಬ್ಬಿಸಿ ಮಹಡಿಯ ಹಳೇ ಕಡತಗಳ ಕೋಣೆಗೆ ಹಾಕುವುದು.

ಗಂಡ ತೀರಿಕೊಂಡ ಮೇಲೆ ಜಲಜಕ್ಕನಿಗೆ ಆ ಕೌಂಟರೇ ಮನೆ. ಪಾಸ್‌ಬುಕ್ ಹಿಡಿದು ಬಂದವರ ಹತ್ತಿರ ಮಗಳ ಬಾಣಂತನ, ಎಮ್ಮೆಯ ಹಾಲು, ಬಲೆಗೆ ಬಿದ್ದ ಬಂಗುಡೆ ಎಲ್ಲ ವಿಚಾರಿಸಿಯೇ ಮುದ್ರೆ ಒತ್ತುವವರು. ಮಹಡಿಯಲ್ಲಿ ಮಾತಾಡಲು ಜಿರಲೆ ಬಿಟ್ಟರೆ ಯಾರಿದ್ದಾರೆ? ಆ ದಿನ ಅವರು ಊಟದ ಡಬ್ಬಿಯನ್ನೇ ತೆರೆಯಲಿಲ್ಲ. ವಿಜೇತಾಳಿಗೆ ತಡೆಯಲಾಗಲಿಲ್ಲ. ಯಾರು ಏನು ಕೆಲಸ ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂದು ಕೇಳದೆ ಆ ಮೇಲ್ ದಾಟಿಸಿದ್ದು ತನ್ನದೇ ತಪ್ಪು ಎಂದು ನನ್ನ ಹತ್ತಿರ ಹೇಳಿ ಮುಖ ಸಣ್ಣ ಮಾಡಿಕೊಂಡಳು.

ಮರುದಿನದಿಂದ ಅವಳು ಪ್ರತಿಯೊಬ್ಬರ ಮೇಜಿನ ಪಕ್ಕ ಸುಮ್ಮನೆ ಕೂರತೊಡಗಿದಳು. ನಮ್ಮ ವ್ಯವಹಾರವೆಲ್ಲ ನಡೆಯುವುದು ಫೋನಿನಲ್ಲಿ ಎಂಬುದು ಕಣ್ಣಿಗೆ ಬಿತ್ತು. ಹಿಂದಿಯಲ್ಲಿ ಯಾರಾದರೂ ಓಟಿಪಿ ಕೇಳಿದರೆ ನಾವು ಮುಖಕ್ಕೆ ಹೊಡೆದ ಹಾಗೆ ಫೋನ್ ಇಡುತ್ತೇವೆ. ಅದೇ ನಮ್ಮ ಕುಂದಾಪ್ರ ಕನ್ನಡ ಕಿವಿಗೆ ಬಿದ್ದರೆ ಮುಗಿಯಿತು, ಕರೆದವನು ನೆಂಟನೇ. ಯಾರ ಮನೆ, ಯಾವ ಬದಿ, ತಾಯಿಯ ತವರು ಯಾವುದು ಎಂದು ಕೆದಕಿ, ದೂರದ ಸಂಬಂಧವೊಂದು ಸಿಕ್ಕಿದ ಮೇಲೆಯೇ ನಮಗೆ ಸಮಾಧಾನ.

ಕೇಂದ್ರ ಕಚೇರಿಯ ಒಪ್ಪಿಗೆ ಪಡೆದು ಅವಳು ಎರಡನೇ ಪರೀಕ್ಷೆ ಹೂಡಿದಳು. ಬೈಂದೂರಿನಲ್ಲಿರುವ ಅವಳ ಚಿಕ್ಕಪ್ಪನ ಮಗ ಕೀರ್ತನ್ ಕೇಂದ್ರ ಕಚೇರಿಯವನ ಸೋಗಿನಲ್ಲಿ ಒಬ್ಬೊಬ್ಬರಿಗೇ ಫೋನ್ ಮಾಡಬೇಕು, ಪಾಸ್‌ವರ್ಡಿನ ಮೊದಲ ಅಕ್ಷರ ಬಾಯಿಂದ ಬಂದ ಕೂಡಲೇ ತಡೆಯಬೇಕು. ಆ ಪುಣ್ಯಾತ್ಮ ಶುರು ಮಾಡಿದ್ದೇ, “ಹ್ವಾಯ್, ಊಟ ಆಯ್ತಾ?” ಎಂದು. ಜಲಜಕ್ಕ ಬಲೆಗೆ ಬಿದ್ದರು. ನಾನಂತೂ ಅವನಿಗೆ ನನ್ನ ಅಕ್ಕನ ಮಗಳ ಜಾತಕ ಕಳಿಸುವವರೆಗೆ ಹೋಗಿದ್ದೆ. ಪರೀಕ್ಷೆಗೆ ಸಹಿ ಹಾಕಿದ್ದ ಜಿತೇಂದ್ರ ಸರ್ ಕೂಡ, ತಮ್ಮ ತಾಯಿಯ ಊರು ಹಟ್ಟಿಯಂಗಡಿಯ ಹೆಸರು ಕೇಳಿದ್ದೇ ಕರಗಿ ಹೋದರು. ಆದರೂ ತಮ್ಮ ವಿಷಯ ಬೇರೆ, ಜಲಜಕ್ಕನ ವಿಷಯ ಬೇರೆ ಎಂದೇ ವಾದಿಸಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ.

ತರಬೇತಿಯ ದಿನ ಮುಸುಕು ಹಾಕಿದ ಕಳ್ಳನ ಚಿತ್ರವೂ ಇಲ್ಲ, ಇಂಗ್ಲಿಷ್ ಭಾಷಣವೂ ಇಲ್ಲ. ಗೋಳಿಬಜೆ ತರಿಸಿ, ಎಲ್ಲರನ್ನೂ ಸುತ್ತ ಕೂರಿಸಿ, ಫೋನಿನಲ್ಲಿ ‘ಇಲ್ಲ’ ಎನ್ನಲು ಯಾಕೆ ಕಷ್ಟ ಎಂದು ವಿಜೇತಾ ಕೇಳಿದಳು. ಎಲ್ಲರ ಕೈಯೂ ಗೋಳಿಬಜೆಯ ತಟ್ಟೆಗೆ ಹೋಯಿತು. ಕೊನೆಗೆ ಜಲಜಕ್ಕ ಹೇಳಿದರು.

“ಊರ್ ಭಾಷಿ ಮಾತಾಡುವರಿಗೆ ಇಲ್ಲ ಅಂಬುಕೆ ಬಾಯೇ ಬತ್ತಿಲ್ಲ, ಮಾರಾಯ್ತಿ.”

“ಹಾಂಗಾರೆ ಇಲ್ಲ ಅನ್ಬೇಡಿ,” ಎಂದಳು ವಿಜೇತಾ. “ಕಾಂಬ ಅನ್ನಿ.”

ಕಾಂಬ ಎಂದರೆ ನೋಡೋಣ. ಮದುವೆಯ ಕರೆಗೆ ಹೋಗಲು ಮನಸ್ಸಿಲ್ಲದಿದ್ದರೂ, ಸಾಲ ಕೊಡಲು ಇಷ್ಟವಿಲ್ಲದಿದ್ದರೂ ನಾವು ಹೇಳುವುದು ಅದನ್ನೇ, ಯಾರಿಗೂ ನೋವಾಗುವುದಿಲ್ಲ. ಕಾಂಬ, ನಾನೇ ಫೋನ್ ಮಾಡ್ತೆ ಎಂದು ಇಟ್ಟುಬಿಡುವುದು, ಆಮೇಲೆ ಗೊತ್ತಿರುವ ನಂಬರಿಗೆ ತಾವೇ ಕರೆಯುವುದು. ಅತ್ತಲಿನವರು ನಿಜವಾದ ಧಣಿಯೇ ಆದರೂ ಪಾಸ್‌ವರ್ಡ್ ಮಾತ್ರ ಕೊಡಬಾರದು. ಮಕ್ಕಳ ಆಟದ ಹಾಗೆ ಜೋಡಿ ಜೋಡಿಯಾಗಿ ಇದನ್ನೇ ಆಡಿದೆವು, ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ಜಿತೇಂದ್ರ ಸರ್ ಮನೆಯವರೊಂದಿಗೆ ಕೊಲ್ಲೂರಿಗೆ ಹೋಗಿದ್ದರು. ಅಲ್ಲಿಂದ ಕೌಂಟರಿಗೆ ಫೋನ್. ತಮ್ಮ ಲಾಗಿನ್ ಆಗುತ್ತಿಲ್ಲ, ತುರ್ತಾಗಿ ಒಂದು ಖಾತೆ ನೋಡಬೇಕು, ಜಲಜಕ್ಕನ ಪಾಸ್‌ವರ್ಡ್ ಬೇಕಂತೆ. ಜಲಜಕ್ಕ ಕಾಂಬ ಎಂದು ಇಟ್ಟರು. ಅವರ ನಂಬರಿಗೆ ತಾವೇ ತಿರುಗಿ ಕರೆದರು. ಎತ್ತಿದ್ದು ಸಾಕ್ಷಾತ್ ಮ್ಯಾನೇಜರೇ! ಅವರು ರೇಗುವುದು ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು. ಹತ್ತಿರವೇ ನಿಂತಿದ್ದ ವಿಜೇತಾ ಉಗುರು ಕಚ್ಚುತ್ತಿದ್ದಳು. ಜಲಜಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು.

“ದನಿ ನಿಮ್ದೇ, ಗೊತ್ತಾಯ್ತ್ ಸರ್. ಆದ್ರೂ ಪಾಸ್‌ವರ್ಡ್ ಹೇಳುಕೆ ಆತಿಲ್ಲ.”

ಫೋನ್ ಇಟ್ಟ ಮೇಲೆ ಅವರು ಕುರ್ಚಿಯಲ್ಲಿ ಕುಸಿದು, ಇನ್ನು ತಮ್ಮ ಗಂಟುಮೂಟೆ ಮಹಡಿಗೇ ಎಂಬಂತೆ ಮೇಲೆ ನೋಡಿದರು. ನಮಗೂ ಹಾಗೆಯೇ ಅನಿಸಿತ್ತು.

ಸೋಮವಾರ ಜಿತೇಂದ್ರ ಸರ್ ಬಂದವರು ಸೀದಾ ಕೌಂಟರಿಗೆ ಹೋದರು. ಅಮ್ಮನವರ ಪ್ರಸಾದದ ಪೊಟ್ಟಣ ಮುಂದಿಟ್ಟು, ಎಲ್ಲರಿಗೂ ಕೇಳುವ ಹಾಗೆ, “ಜಲಜಕ್ಕ, ಇನ್ನ್ ನೀವ್ ಈ ಕುರ್ಚಿ ಬಿಟ್ಟ್ ಎಲ್ಲಿಗೂ ಹೋಪುದ್ ಬೇಡ,” ಎಂದರು. ಜಲಜಕ್ಕ ಪ್ರಸಾದವನ್ನು ಕಣ್ಣಿಗೊತ್ತಿಕೊಂಡರು. ವಿಜೇತಾ ಎಲ್ಲಿ ಎಂದು ನಾನು ತಿರುಗಿ ನೋಡಿದರೆ, ನಮಗೆಲ್ಲ ಬೆನ್ನು ಹಾಕಿ, ಚೆನ್ನಾಗಿಯೇ ತಿರುಗುತ್ತಿದ್ದ ಫ್ಯಾನಿನ ಸ್ವಿಚ್ಚನ್ನು ಬಹಳ ಹೊತ್ತು ರಿಪೇರಿ ಮಾಡುತ್ತಿದ್ದಳು.